ಬಾಣಸಂದ್ರದ ಲಾವಾ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ

ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಟ್ಟ ಹೆಸರು ಇದು. ಗದಗ ಸೀಮೆಯ ಡಂಬಳದ ಮಗ್ಗುಲಿನ ಕಪ್ಪತಗುಡ್ಡದಲ್ಲಿ ಶುರುವಾಗಿ, ಚಿತ್ರದುರ್ಗವನ್ನು ಸವರಿಕೊಂಡು, ಹಿರಿಯೂರು, ಹುಳಿಯಾರಿನ ಕಡೆಯಿಂದ ನಮ್ಮ ತೆಂಗಿನ ಸೀಮೆಗೆ ಇಳಿಯುವ ಕಪ್ಪು-ಹಸಿರು ಕಲ್ಲಿನ ಉದ್ದನೆಯ ಪಟ್ಟಿಯನ್ನು ಅವನು ಹಾಗೆ ಕರೆದ. ಈಗ ಅದಕ್ಕೆ ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂಬ ಹೆಸರು ನಿಂತಿದೆ. ಚಿಕ್ಕನಾಯಕನಹಳ್ಳಿಯ ಹೆಸರು ಬಿಟ್ಟುಹೋಯಿತು. ಆದರೆ ಪಟ್ಟಿ ಬಿಟ್ಟುಹೋಗಿಲ್ಲ. ಗದಗದಿಂದ ಶ್ರೀರಂಗಪಟ್ಟಣದವರೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಅದು ಮಲಗಿದೆ. ಹಿರಿಯೂರು, ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ, ನಾಗಮಂಗಲ ಎಂದು ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸು ಹತ್ತಿದವರು ಬಹುಪಾಲು ಈ ಪಟ್ಟಿಯ ಜೊತೆಜೊತೆಗೇ ಪ್ರಯಾಣ ಮಾಡುತ್ತಾರೆ.

ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಬಳಿ ಪಟ್ಟಿಯಿಂದ ಒಂದು ಕವಲು ಒಡೆಯುತ್ತದೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ‘ಕಿಬ್ಬನಹಳ್ಳಿ ತೋಳು’. ಹಳೆಯ ಶಿಲಾಯುಗದ ಜನ ಕಲ್ಲಿನ ಆಯುಧ ಮಾಡಿದ ನೆಲೆಯೆಂದು ಪುರಾತತ್ವದವರಿಗೂ ಆ ಊರು ಪರಿಚಿತ. ಉಂಡೆ ಕೊಬ್ಬರಿಗೆ ಹೆಸರಾದ ಈ ನಾಡಿನಲ್ಲಿ ತೋಟಕ್ಕೆ ಕೊಳವೆಬಾವಿ ಕೊರೆಸುವವರು ಕಲ್ಲು ಬದಲಾದದ್ದನ್ನು ಪುಡಿಯ ಬಣ್ಣದಿಂದಲೇ ಹೇಳುತ್ತಾರೆ. ಬೂದು-ಬಿಳಿ ಬಂದರೆ ಗ್ರಾನೈಟ್ ಜಾತಿ, ಕಡುಹಸಿರು ಬಂದರೆ ಕರಿಕಲ್ಲು. ಆ ಕರಿಕಲ್ಲು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನೂರು ವರ್ಷ ಹಿಡಿಯಿತು. ಉತ್ತರ ಒಂದೇ ಅಲ್ಲ, ಎರಡು ಎಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾದವು. ಒಂದೇ ಸೀಮೆಯಲ್ಲಿ, ಒಂದರ ಪಕ್ಕ ಒಂದರಂತೆ, ಎರಡು ಬೇರೆಬೇರೆ ಬಗೆಯಲ್ಲಿ ಹುಟ್ಟಿದ ಲಾವಾ ಇಲ್ಲಿದೆ. ಅವೆರಡರ ನಡುವಿನ ಅಂತರ ಎಪ್ಪತ್ತು ಕೋಟಿ ವರ್ಷದಷ್ಟು.

ಫೂಟ್ ಹುಡುಕಿಕೊಂಡು ಬಂದದ್ದು ಚಿನ್ನವನ್ನು. ಕೋಲಾರದ ಗಣಿಗಳು ಕಣ್ಣು ತೆರೆಯುತ್ತಿದ್ದ ಕಾಲ. ಮೈಸೂರು ಸೀಮೆಯಲ್ಲಿ ಇನ್ನೆಲ್ಲೆಲ್ಲಿ ಚಿನ್ನವಿದೆ ಎಂದು ನೋಡಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವನನ್ನು ಕಳಿಸಿತ್ತು. ಆ ಸಂಚಾರದ ಟಿಪ್ಪಣಿ 1882ರಲ್ಲಿ ಅಚ್ಚಾಯಿತು. ಚಿನ್ನದ ಕುರುಹು ಸಿಕ್ಕಲ್ಲೆಲ್ಲ ಅವನಿಗೆ ಕಂಡದ್ದು ಒಂದೇ ಬಗೆಯ ಕಲ್ಲು: ಕಪ್ಪು-ಹಸಿರು ಶಿಸ್ಟ್, ಅದರ ನಡುವೆ ಕಬ್ಬಿಣದ ಗೆರೆಗಲ್ಲು, ಎರಡೂ ಬದಿಗೆ ಬೂದು ಬಣ್ಣದ ನೈಸ್ ಶಿಲೆ. ಬೇರೆಬೇರೆ ಊರುಗಳಲ್ಲಿ ಚದುರಿ ಕಾಣುವ ಈ ಪಟ್ಟಿಗಳು ಒಂದು ಕಾಲಕ್ಕೆ ಒಂದೇ ಹಾಸಾಗಿದ್ದವು, ಆಮೇಲೆ ಮಡಿಚಿ ಕುಸಿದ ಭಾಗಗಳಷ್ಟೇ ಸವೆಯದೆ ಉಳಿದಿವೆ ಎಂದು ಅವನು ಊಹಿಸಿದ. ಆ ಹಾಸಿಗೆ ‘ಧಾರವಾಡ ವ್ಯೂಹ’ ಎಂದು ಹೆಸರಿಟ್ಟು 1888ರಲ್ಲಿ ಪ್ರಬಂಧ ಬರೆದ. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥನೂ ಅವನೇ. ಕೈಯಲ್ಲಿ ಸುತ್ತಿಗೆ, ಭೂತಗನ್ನಡಿ, ದಿಕ್ಸೂಚಿ ಬಿಟ್ಟರೆ ಬೇರೇನೂ ಇಲ್ಲದೆ, ನಡೆದೂ ಸವಾರಿ ಮಾಡಿಯೂ ಅವನು ಗುರುತಿಸಿದ ಪಟ್ಟಿಗಳ ಅಂಚು ಇಂದಿನ ನಕಾಶೆಯಲ್ಲೂ ಬಹುಮಟ್ಟಿಗೆ ಹಾಗೇ ಇದೆ. ನನಗೆ ಆ ಮನುಷ್ಯನ ಬಗ್ಗೆ ಇರುವ ಗೌರವ ಈ ಒಂದು ಸಂಗತಿಯಿಂದಲೇ ಬಂದದ್ದು.

ಅವನ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಮತ್ತು ಅವರ ಸಹೋದ್ಯೋಗಿಗಳು ಕತೆಯನ್ನು ಬೇರೆ ದಾರಿಗೆ ತಿರುಗಿಸಿದರು. ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದ ಹುಟ್ಟಿದವು ಎಂಬುದು ಅವರ ವಾದ. ಎಲ್ಲವೂ ಅಂದರೆ ಎಲ್ಲವೂ. ಉರುಟು ಕಲ್ಲುಗಳು ಕೂಡಿಕೊಂಡ ಬೆಣಚಿನ ಪದರವನ್ನು ನೋಡಿದರೆ ಹಳೆಯ ಹೊಳೆಯ ದಡ ಅನ್ನಿಸುತ್ತದೆ. ಅವರು, ಇದು ನೆಲದ ಒತ್ತಡಕ್ಕೆ ಸಿಕ್ಕಿ ಪುಡಿಯಾಗಿ ಉರುಟಾದ ಶಿಲೆ ಎಂದರು. ಮರಳುಗಲ್ಲಿನಂತೆ ಕಾಣುವುದನ್ನು ಶಿಲಾರಸದಿಂದ ಘನೀಭವಿಸಿದ್ದು ಎಂದರು. ಕಬ್ಬಿಣದ ಗೆರೆಗಲ್ಲಿಗೂ ಅದೇ ಬಗೆಯ ವಿವರಣೆ. 1916ರಲ್ಲಿ ಸ್ಮೀತ್ ಬರೆದ ಮೈಸೂರಿನ ಭೂ ಇತಿಹಾಸದ ರೂಪರೇಖೆಯಲ್ಲಿ ಈ ನಿಲುವು ಗಟ್ಟಿಯಾಗಿ ನಿಂತಿತು. ಆ ಕಾಲದಲ್ಲಿ ಈ ಇಲಾಖೆಯಷ್ಟು ವಿವರವಾಗಿ ನೆಲ ನೋಡಿದ ಇಲಾಖೆ ದೇಶದಲ್ಲಿ ಅಪರೂಪ. ಅಷ್ಟು ನೋಡಿದವರೇ ಹೇಳಿದ ಮೇಲೆ ಎದುರಾಡುವುದು ಸುಲಭವಿರಲಿಲ್ಲ.

ಎದುರಾಡಿದ್ದು ಇಲಾಖೆಯ ಒಳಗಿನವರೇ. ಬಿ. ರಾಮರಾವ್ ಅವರು ಬಂಡೆಗಳ ಮೇಲೆ ಅಲೆಗಳ ಗುರುತು ಹುಡುಕಿದರು. ಒಂದಕ್ಕೊಂದು ಓರೆಯಾಗಿ ಕೂತ ಮರಳಿನ ಪದರಗಳನ್ನು ಹುಡುಕಿದರು. ನೀರು ಹರಿದು, ನಿಂತು, ಮತ್ತೆ ಹರಿಯದೆ ಅಂಥ ಗುರುತು ಬೀಳುವುದಿಲ್ಲ. 1940ರಲ್ಲಿ ಅವರ ‘ಮೈಸೂರಿನ ಆರ್ಕೇಯನ್ ಸಂಕೀರ್ಣ’ ಅಚ್ಚಾಗುವ ಹೊತ್ತಿಗೆ ಧಾರವಾಡ ವ್ಯೂಹದೊಳಗೆ ಮರಳು, ಜೇಡಿ, ಸುಣ್ಣಗಲ್ಲು ಎಲ್ಲವೂ ತಮ್ಮ ಜಾಗಕ್ಕೆ ವಾಪಸು ಬಂದಿದ್ದವು. ಸುಣ್ಣಗಲ್ಲಿನ ಮಾತು ಬಂದಾಗ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ನೆನಪಾಗಬೇಕು. ಅದು ನಮ್ಮ ಸೀಮೆಗೆ ಬಂದದ್ದೇ ಈ ಹಳೆಯ ಸಮುದ್ರದ ಸುಣ್ಣವನ್ನು ನೆಚ್ಚಿ.

ಹಾಗೆಂದು ಬೆಂಕಿಯ ಕತೆ ಸುಳ್ಳಾಗಲಿಲ್ಲ. ಪಟ್ಟಿಯ ಕರಿಕಲ್ಲಿನ ಬಹುಪಾಲು ನಿಜಕ್ಕೂ ಲಾವಾ. ಸಿ.ಎಸ್. ಪಿಚಮುತ್ತು ಅವರು ವರ್ಣಿಸಿದ ಚಿತ್ರದುರ್ಗದ ದಿಂಬು ಲಾವಾಗಳು ಅದಕ್ಕೆ ನೇರ ಸಾಕ್ಷಿ. ಸಮುದ್ರದ ತಳದಲ್ಲಿ ಲಾವಾ ಉಕ್ಕಿದರೆ ತಣ್ಣೀರು ತಾಗಿದ ಕ್ಷಣ ಹೊರಮೈ ಗಟ್ಟಿಯಾಗುತ್ತದೆ. ಒಳಗಿನ ದ್ರವ ಅದನ್ನು ಒಡೆದು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಒಂದರ ಮೇಲೊಂದು ಬಿದ್ದ ಉಂಡೆಗಳ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಕೆಳಗಿನ ಎರಡು ಉಂಡೆಗಳ ಸಂದಿಗೆ ಮೊನೆಯಾಗಿ ಇಳಿದಿರುತ್ತದೆ. ಹಾಗಾಗಿ ಬೆಟ್ಟವೇ ತಲೆಕೆಳಗಾಗಿದ್ದರೂ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುತ್ತದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಯ್ದಿರಿಸಿದ್ದಾರೆ.

ಇಲ್ಲಿಂದ ಕತೆ ಬಾಣಸಂದ್ರಕ್ಕೆ ಬರುತ್ತದೆ.

ತುರುವೇಕೆರೆಗೆ ಹೋಗುವವರು ರೈಲು ಇಳಿಯುವ ಆ ಊರಿನ ಸುತ್ತ, ಹಾಗೆಯೇ ಅರಸೀಕೆರೆ, ನುಗ್ಗೇಹಳ್ಳಿಯ ಕಡೆಗೆ, ಉಗುರಿನಲ್ಲಿ ಗೀರಿದರೆ ಗೆರೆ ಮೂಡುವ ಮೆದುಕಲ್ಲು ಸಿಗುತ್ತದೆ. ಬಳಪದ ಕಲ್ಲು. ಹೊಯ್ಸಳ ಶಿಲ್ಪಿಗಳ ಕೈಗೆ ಸಿಕ್ಕಿದ್ದು ಇಂಥದೇ ಜಾತಿಯ ಕಲ್ಲು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಯನ್ನು ನೋಡಿದವರಿಗೆ ಅದರ ಗುಣ ಗೊತ್ತು. ಮೆಗ್ನೀಸಿಯಂ ವಿಪರೀತ ತುಂಬಿದ ಶಿಲೆಯೊಂದು ನೆಲದೊಳಗೆ ಬಿಸಿನೀರು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದರೆ ಬಳಪದ ಕಲ್ಲಾಗುತ್ತದೆ. ಬದಲಾಗುವ ಮೊದಲು ಅದು ಏನಾಗಿತ್ತು? ನೆಲದಾಳದಲ್ಲೇ ನಿಧಾನವಾಗಿ ಗಟ್ಟಿಯಾದ ಶಿಲೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಅಷ್ಟು ಮೆಗ್ನೀಸಿಯಂ ಇರುವ ಕಲ್ಲು ಕರಗಬೇಕಾದರೆ 1,600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಇಂದಿನ ಹವಾಯಿಯ ಲಾವಾ 1,200 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಅಂಥದ್ದು ಲಾವಾ ಆಗಿ ಭೂಮಿಯ ಮೇಲೆ ಹರಿದಿರಲಾರದು ಎಂಬುದು ತರ್ಕ.

ಆ ತರ್ಕ ಬಿದ್ದದ್ದು ದಕ್ಷಿಣ ಆಫ್ರಿಕಾದಲ್ಲಿ. ಬಾರ್ಬರ್ಟನ್ ಬೆಟ್ಟಗಳ ಕೊಮಾಟಿ ಹೊಳೆಯ ಬಳಿ ಮಾರಿಸ್ ಮತ್ತು ರಿಚರ್ಡ್ ವಿಲ್ಯುನ್ ಎಂಬ ಸೋದರರು ಅಂಥ ಶಿಲೆ ದಿಂಬಿನ ಆಕಾರದಲ್ಲಿ, ಹರಿದ ಪದರಗಳಲ್ಲಿ ಇರುವುದನ್ನು ಕಂಡು 1969ರಲ್ಲಿ ‘ಕೊಮಾಟಿಯೈಟ್’ ಎಂದು ಹೆಸರಿಟ್ಟರು. ಅದರ ಮೈಮೇಲೆ ವಿಶಿಷ್ಟ ಗುರುತೊಂದಿರುತ್ತದೆ. ಬಿರುಸಾಗಿ ತಣಿಯುವಾಗ ಆಲಿವಿನ್ ಖನಿಜ ಕಾಳಾಗಿ ಬೆಳೆಯದೆ, ತೆಳ್ಳಗಿನ ಉದ್ದ ಅಲಗುಗಳಾಗಿ ನಾಲ್ಕೂ ದಿಕ್ಕಿಗೆ ಚಾಚುತ್ತದೆ. ಗರಿಯಿಂದ ಸೀಳಿ ಅಂಗಳದಲ್ಲಿ ಎಸೆದ ತೆಂಗಿನ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದ ಹಾಗೆ ಬಂಡೆಯ ಮೇಲೆ ಗೆರೆಗಳು ಕಾಣುತ್ತವೆ. ಆಸ್ಟ್ರೇಲಿಯಾದ ಹುಲ್ಲೊಂದರ ಹೆಸರಿನಿಂದ ಇದಕ್ಕೆ ಸ್ಪಿನಿಫೆಕ್ಸ್ ಎನ್ನುತ್ತಾರೆ. ಅದು ಕಂಡರೆ ಸಾಕು, ಆ ಕಲ್ಲು ಮೇಲೆ ಹರಿದ ಲಾವಾ ಎಂದು ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಮೊದಲ ಸುಳಿವು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಿಂದ ಬಂತು. 1977ರಲ್ಲಿ ವಿಶ್ವನಾಥ, ರಾಮಕೃಷ್ಣನ್ ಮತ್ತು ಸ್ವಾಮಿನಾಥ್ ಪ್ರಕಟಿಸಿದ ಟಿಪ್ಪಣಿಯಲ್ಲಿ ‘ಸ್ಪಿನಿಫೆಕ್ಸ್ ಇರಬಹುದು’ ಎಂಬ ಎಚ್ಚರಿಕೆಯ ಮಾತಿತ್ತು. 1985ರಲ್ಲಿ ಎಸ್.ವಿ. ಶ್ರೀಕಂಠಯ್ಯ ಮತ್ತು ಎಸ್.ಎಸ್. ಬೋಸ್ ಅವರು ಕಿಬ್ಬನಹಳ್ಳಿ ತೋಳಿನ ಬಾಣಸಂದ್ರ ಸೀಮೆಯಲ್ಲಿ ಆರ್ಕೇಯನ್ ಎಂಬ ಅತಿ ಪ್ರಾಚೀನ ಕಾಲದ ಕೊಮಾಟಿಯೈಟ್ ಇದೆ ಎಂದು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬರೆದರು. ಅಲ್ಲಿಗೆ ‘ಇರಬಹುದು’ ಹೋಯಿತು. 1991ರಲ್ಲಿ ವೆಂಕಟದಾಸು, ರಾಮಕೃಷ್ಣನ್, ಮಹಾಬಲೇಶ್ವರ್ ಅವರು ತಿಪಟೂರಿಗೆ ದೂರವಲ್ಲದ ಜಯಚಾಮರಾಜಪುರದ ಸುತ್ತಲಿನ ಕೊಮಾಟಿಯೈಟ್ ನಕಾಶೆ ಬಿಡಿಸಿದರು. 2008ರಲ್ಲಿ ಎಂ. ಜಯಾನಂದ ಮತ್ತು ಸಂಗಡಿಗರು ಘಟ್ಟಿಹೊಸಹಳ್ಳಿ, ಜಯಚಾಮರಾಜಪುರ, ಬಾಣಸಂದ್ರ, ಕಲ್ಯಾಡಿ, ನುಗ್ಗೇಹಳ್ಳಿಯ ಮಾದರಿಗಳಲ್ಲಿ ಸಮೇರಿಯಂ ಮತ್ತು ನಿಯೋಡಿಮಿಯಂ ಅಳೆದು ವಯಸ್ಸು ಲೆಕ್ಕ ಹಾಕಿದರು. ಸುಮಾರು 335 ಕೋಟಿ ವರ್ಷ, ಆಚೆಗೆ ಈಚೆಗೆ ಹನ್ನೊಂದು ಕೋಟಿ. ಗೊರೂರಿನ ನೈಸ್ ಶಿಲೆಗೆ 1980ರಲ್ಲೇ ಬ್ರಿಟಿಷ್ ವಿಜ್ಞಾನಿಗಳು 336 ಕೋಟಿ ವರ್ಷದ ವಯಸ್ಸು ಹೇಳಿದ್ದರು. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿ ನೀರು ಕಾಲುವೆಯಲ್ಲಿ ನಮ್ಮ ತೋಟಗಳ ಕಡೆಗೆ ಬರುತ್ತದೆ. ನೀರು ಹೊರಡುವ ಜಾಗದ ಕಲ್ಲೂ, ಬಂದು ಸೇರುವ ಜಾಗದ ಕಲ್ಲೂ ಒಂದೇ ಕಾಲದವು.

ಇಷ್ಟು ಬಿಸಿಯಾದ ಲಾವಾ ಎಲ್ಲಿಂದ ಬಂತು ಎಂಬುದಕ್ಕೆ ಹೆಚ್ಚಿನ ವಿಜ್ಞಾನಿಗಳ ಉತ್ತರ: ಆಳದಿಂದ ನೆಟ್ಟಗೆ ಎದ್ದ ಬಿಸಿ ಕಲ್ಲಿನ ಬುಗ್ಗೆಯಿಂದ. ಅದಕ್ಕೆ ಖಂಡಗಳ ಡಿಕ್ಕಿ ಬೇಕಿಲ್ಲ. ಆದರೆ ಅದೇ ಪಟ್ಟಿಯ ಇನ್ನೊಂದು ಪೀಳಿಗೆಯ ಲಾವಾ ಇದೆಯಲ್ಲ, ಬೆಳ್ಳಾರದ ಕಡೆಯ ‘ಟ್ರ್ಯಾಪ್’ ಎನ್ನುವ ಬೂದು ಲಾವಾ, ಚಿತ್ರದುರ್ಗದ ಇಂಗಳದಾಳಿನ ತಾಮ್ರದ ಗಣಿಯ ಲಾವಾ, ಅವುಗಳ ವಯಸ್ಸು ಸುಮಾರು 270ರಿಂದ 260 ಕೋಟಿ. ಇವುಗಳ ಹುಟ್ಟಿನ ಕತೆಗೆ ಡಿಕ್ಕಿ ಬೇಕಾಯಿತು.

ಡಿಕ್ಕಿ ಎಂಬ ಯೋಚನೆಯೇ ಈ ವಿಜ್ಞಾನಕ್ಕೆ ತಡವಾಗಿ ಬಂದದ್ದು. 1960ರ ದಶಕದಲ್ಲಿ ಭೂಫಲಕಗಳ ಸಿದ್ಧಾಂತ ಗಟ್ಟಿಯಾದ ಮೇಲೆ, ಸಾಗರದ ತಳ ಒಂದು ಖಂಡದ ಅಡಿಗೆ ಜಾರಿ ಇಳಿಯುತ್ತದೆ, ಸಾಗರ ಪೂರ್ತಿ ಮುಗಿದಾಗ ಎರಡು ಖಂಡಗಳು ಬಡಿದುಕೊಳ್ಳುತ್ತವೆ ಎಂಬುದು ತಿಳಿಯಿತು. ಹಿಮಾಲಯ ಎದ್ದದ್ದು ಹಾಗೆ. ಲಡಾಖಿನ ದ್ರಾಸ್ ಸುತ್ತಲಿನ ಲಾವಾಗಳು, ಭಾರತ ಮತ್ತು ಏಷ್ಯಾದ ನಡುವೆ ಇದ್ದ ಸಾಗರ ಅಡಗುತ್ತಿದ್ದಾಗ ಉಕ್ಕಿದವು. ತಣ್ಣಗಿನ ಸಾಗರದ ತಳ ಕೆಳಗಿಳಿದರೆ ಬೆಂಕಿ ಏಕೆ ಏಳಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ಕಾರಣ ನೀರು. ಇಳಿಯುವ ಶಿಲೆಯ ಖನಿಜಗಳೊಳಗೆ ನೀರು ಸಿಕ್ಕಿಕೊಂಡಿರುತ್ತದೆ. ನೂರು ಕಿಲೋಮೀಟರ್ ಆಳದ ಒತ್ತಡ, ಬಿಸಿಗೆ ಅದು ಬಿಡುಗಡೆಯಾಗಿ ಮೇಲಿನ ಬಿಸಿ ಮ್ಯಾಂಟಲ್ ಶಿಲೆಯನ್ನು, ಅಂದರೆ ನೆಲದ ಚಿಪ್ಪಿನ ಅಡಿಯ ಪದರವನ್ನು, ಹೊಗುತ್ತದೆ. ನೀರು ಸೇರಿದ ಕಲ್ಲು ಒಣಕಲ್ಲಿಗಿಂತ ಹಲವು ನೂರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಆಂಡೀಸ್, ಜಪಾನ್, ಸುಮಾತ್ರಾದ ಜ್ವಾಲಾಮುಖಿಗಳೆಲ್ಲ ಈ ನೀರಿನ ಕೆಲಸ.

ನೀರು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಬೇರಿಯಂ, ಸ್ಟ್ರಾನ್ಷಿಯಂ, ಪೊಟ್ಯಾಸಿಯಂ ತರಹದ ಧಾತುಗಳು ಅದರೊಳಗೆ ಸುಲಭವಾಗಿ ಕರಗಿ ಜೊತೆಗೆ ಬರುತ್ತವೆ. ನಯೋಬಿಯಂ, ಟ್ಯಾಂಟಲಂ, ಟೈಟಾನಿಯಂ ಕರಗುವುದಿಲ್ಲ. ಅವು ಕೆಳಗಿಳಿದ ಶಿಲೆಯ ರೂಟೈಲ್‌ನಂಥ ಖನಿಜಗಳಲ್ಲೇ ಉಳಿದುಬಿಡುತ್ತವೆ. ಹೀಗೆ ಹುಟ್ಟಿದ ಲಾವಾದಲ್ಲಿ ಮೊದಲ ಗುಂಪು ಹೆಚ್ಚಾಗಿರುತ್ತದೆ, ನಯೋಬಿಯಂ ಕಡಿಮೆಯಾಗಿರುತ್ತದೆ. ಆ ಕೊರತೆ ಎಷ್ಟೆಂದರೆ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನ ಲೆಕ್ಕ. ಜ್ವಾಲಾಮುಖಿ ಸವೆದು ಹೋಗಬಹುದು, ಸಾಗರ ಮುಚ್ಚಿಹೋಗಬಹುದು, ಬೆಟ್ಟದ ಮೇಲೆ ಕಾಡು, ಕಾಡಿನ ಜಾಗದಲ್ಲಿ ತೋಟ ಬರಬಹುದು. ಕಲ್ಲಿನೊಳಗೆ ಆ ಕೊರತೆ ಉಳಿಯುತ್ತದೆ. 1973ರಲ್ಲಿ ಜೂಲಿಯನ್ ಪಿಯರ್ಸ್ ಮತ್ತು ಜೋ ಕ್ಯಾನ್ ಇಂಥ ಅಲ್ಪಪ್ರಮಾಣದ ಧಾತುಗಳನ್ನು ಅಳೆದು ಲಾವಾದ ಹುಟ್ಟಿದ ಜಾಗ ಹೇಳುವ ವಿಧಾನವನ್ನು ತೋರಿಸಿಕೊಟ್ಟರು. ಈ ಇಡೀ ಕತೆಯಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದ ಭಾಗ ಇದು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕರಿಕಲ್ಲುಗಳಲ್ಲಿ ಒಂದು ಒಣ ಬೆಂಕಿಯದ್ದು, ಇನ್ನೊಂದು ಸಾಗರದ ನೀರಿನದ್ದು ಎಂದು ಹೇಳಲು, ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ನೋಡಬೇಕಾಯಿತು.

ಆ ವಿಧಾನವನ್ನು ಕರ್ನಾಟಕದ ಕಲ್ಲಿಗೆ ಹಚ್ಚಿದವರಲ್ಲಿ ಮುಂದಿದ್ದವರು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಎಸ್.ಎಂ. ನಖ್ವಿ. ಅವರು 1985ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆ, ಕನ್ನಡದಲ್ಲಿ ಹೇಳುವುದಾದರೆ, ‘ಚಿತ್ರದುರ್ಗ ಶಿಸ್ಟ್ ಪಟ್ಟಿ: ಆರ್ಕೇಯನ್ ಕಾಲದ ಹೊಲಿಗೆ (?)’. ಎರಡು ಭೂಭಾಗಗಳು ಬಡಿದುಕೊಂಡು ಕೂಡಿಕೊಂಡ ಗೆರೆಗೆ ಭೂವಿಜ್ಞಾನಿಗಳು ಹೊಲಿಗೆ ಎನ್ನುತ್ತಾರೆ. ಆವರಣದೊಳಗಿನ ಆ ಪ್ರಶ್ನಾರ್ಥಕ ಚಿಹ್ನೆ ಅವರೇ ಇಟ್ಟದ್ದು. ಶ್ರೀಕಂಠಯ್ಯ, ಬೋಸ್ ಅವರ ಬಾಣಸಂದ್ರದ ಪ್ರಬಂಧ ಬಂದದ್ದೂ ಅದೇ ವರ್ಷ, ಅದೇ ಪತ್ರಿಕೆಯಲ್ಲಿ. ಒಂದು, ಬುಗ್ಗೆಯಿಂದ ಬಂದ ಅತಿ ಹಳೆಯ ಲಾವಾದ ಸುದ್ದಿ. ಇನ್ನೊಂದು, ಡಿಕ್ಕಿಯ ಸುದ್ದಿ. ಎರಡೂ ಒಂದೇ ಪಟ್ಟಿಯಿಂದ.

ಹೊಲಿಗೆ ಎಂದು ಅನುಮಾನಿಸಲು ಕಾರಣಗಳು ನೆಲದ ಮೇಲೇ ಇದ್ದವು. ಪಟ್ಟಿಯ ಪಡುವಣಕ್ಕೆ ಮುನ್ನೂರು ಕೋಟಿ ವರ್ಷ ದಾಟಿದ ಹಳೆಯ ನೈಸ್; ಮೂಡಣಕ್ಕೆ ಬಹುಪಾಲು 270ರಿಂದ 250 ಕೋಟಿ ವರ್ಷದ ಹೊಸ ಗ್ರಾನೈಟ್ ಜಾತಿ. ಪಡುವಣದ ಶಿಸ್ಟ್ ಪಟ್ಟಿಗಳು ಅಗಲವಾದವು, ಮರಳು-ಜೇಡಿ-ಸುಣ್ಣ ತುಂಬಿದವು. ಮೂಡಣದವು ಕೋಲಾರ, ಹಟ್ಟಿಯ ಹಾಗೆ ಕಿರಿದಾದವು, ಲಾವಾ ತುಂಬಿದವು, ಚಿನ್ನ ಹೆಚ್ಚಿರುವವು. ಪಟ್ಟಿಯ ಮೂಡಣ ಅಂಚಿನಲ್ಲಿ ಕಲ್ಲುಗಳು ಉಜ್ಜಿ, ಎಳೆದು, ಎಳೆ ಎಳೆಯಾದ ಗಾಯದ ಗೆರೆಯಿದೆ. ತುಮಕೂರು ಜಿಲ್ಲೆಯ ಬೆಳ್ಳಾರ, ಅಜ್ಜನಹಳ್ಳಿಯ ಚಿನ್ನವೂ ಅಂಥ ಉಜ್ಜಾಟ ಬಿಟ್ಟ ಸೀಳುಗಳ ದಾರಿಯಲ್ಲೇ ಬಂದದ್ದು. 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಅಡ್ಡಲಾಗಿ, ಸ್ಫೋಟದ ಕಂಪನ ಕಳಿಸಿ ನೆಲದಾಳ ನೋಡಿದ ಕೈಲಾ ಮತ್ತು ಸಂಗಡಿಗರು ಮೂಡಣ, ಪಡುವಣ ಎರಡೂ ಬೇರೆ ಬೇರೆ ಎಂಬ ಚಿತ್ರ ಕೊಟ್ಟಿದ್ದರು. ಪಡುವಣದ ನೆಲ ದಪ್ಪ, ಮೂಡಣದ್ದು ತೆಳು.

1996ರಲ್ಲಿ ಆಸ್ಟ್ರೇಲಿಯಾದ ಅಯಾನ್ ಯಂತ್ರದಲ್ಲಿ ಕರ್ನಾಟಕದ ಜಿರ್ಕಾನ್ ಹರಳುಗಳ ವಯಸ್ಸು ಅಳೆದ ನಟ್‌ಮನ್, ಚ್ಯಾಡ್‌ವಿಕ್, ಕೃಷ್ಣರಾವ್, ವಾಸುದೇವ್ ಅವರಿಗೆ ಸಿಕ್ಕ ಅಂಕಿಗಳು ಹೊಲಿಗೆಯ ಪರವಾಗಿ ನಿಂತವು. ಶಿವಮೊಗ್ಗ ಪಟ್ಟಿಯ ದಾಗಿನಕಟ್ಟೆಯ ಬಿಳಿಚು ಲಾವಾಕ್ಕೆ 261 ಕೋಟಿ ವರ್ಷ, ಸಂಡೂರಿನದ್ದಕ್ಕೆ 266 ಕೋಟಿ. ಪಡುವಣದ ಪಟ್ಟಿಯಲ್ಲಿ ಕೊನೆಯ ಲಾವಾ ಉಕ್ಕುತ್ತಿದ್ದಾಗಲೇ ಮೂಡಣದ ಗ್ರಾನೈಟ್ ಹುಟ್ಟುತ್ತಿತ್ತು. ಒಂದು ಮುಗಿದು ಇನ್ನೊಂದು ಬಂದದ್ದಲ್ಲ, ಎರಡೂ ಒಂದೇ ಘಟನೆಯ ಭಾಗ ಇರಬೇಕು. ಬ್ರಯಾನ್ ಚ್ಯಾಡ್‌ವಿಕ್, ವಿ.ಎನ್. ವಾಸುದೇವ್, ಜಿ.ವಿ. ಹೆಗಡೆ 2000ದಲ್ಲಿ ಆ ಘಟನೆಗೆ ಪೂರ್ಣರೂಪ ಕೊಟ್ಟರು: ಧಾರವಾಡದ ನೆಲ, ಆರ್ಕೇಯನ್ ಯುಗದ ಕೊನೆಯಲ್ಲಿ ಓರೆಯಾಗಿ ಒತ್ತಿಕೊಂಡ ಎರಡು ಭೂಭಾಗಗಳ ಫಲ. ಮೂಡಣದ ಗ್ರಾನೈಟುಗಳೆಲ್ಲ, ಜಾರಿ ಇಳಿದ ಸಾಗರ ತಳದ ಮೇಲೆ ಎದ್ದ ಜ್ವಾಲಾಮುಖಿ ಸಾಲಿನ ಬೇರುಗಳು. ಪಡುವಣದ ಪಟ್ಟಿಗಳು ಆ ಸಾಲಿನ ಹಿಂದೆ ತಗ್ಗಾಗಿ ತುಂಬಿಕೊಂಡ ಕೊಳಗಳು. ನಖ್ವಿ ಇಟ್ಟಿದ್ದ ಪ್ರಶ್ನಾರ್ಥಕ ಚಿಹ್ನೆ ಈ ಮೂವರ ಪ್ರಬಂಧದ ಶೀರ್ಷಿಕೆಯಲ್ಲಿ ಇರಲಿಲ್ಲ.

ಆ ಪ್ರಬಂಧ ಬಂದ ಅಂತರರಾಷ್ಟ್ರೀಯ ಪತ್ರಿಕೆಯ ಅದೇ ಸಂಪುಟದಲ್ಲಿ ಜಯಾನಂದ, ಮೊಯೆನ್, ಮಾರ್ಟಿನ್ ಮತ್ತಿತರರ ಇನ್ನೊಂದು ಪ್ರಬಂಧವೂ ಇತ್ತು. ಮೂಡಣದ 255ರಿಂದ 252 ಕೋಟಿ ವರ್ಷದ ಗ್ರಾನೈಟುಗಳಿಗೆ ಕಾರಣ ಆಳದಿಂದ ಎದ್ದ ಬಿಸಿ ಬುಗ್ಗೆ ಎಂಬುದು ಅದರ ವಾದ. ಒಂದೇ ನೆಲ, ಒಂದೇ ವರ್ಷ, ಎರಡು ಎದುರುಬದುರು ಉತ್ತರ. ಜಯಾನಂದರೂ ಅವರ ಸಂಗಡಿಗರೂ ಮುಂದಿನ ವರ್ಷಗಳ ಕೆಲಸದಲ್ಲಿ ಬುಗ್ಗೆ, ಜಾರುವಿಕೆ ಎರಡಕ್ಕೂ ಜಾಗ ಕೊಟ್ಟಿದ್ದಾರೆ.

ಬುಗ್ಗೆಯ ಪರ ವಾದಿಸುವವರ ಮಾತಿನಲ್ಲಿ ಹುರುಳಿದೆ. ನಯೋಬಿಯಂ ಕೊರತೆ ಇದ್ದ ಮಾತ್ರಕ್ಕೆ ಲಾವಾ ಸಾಗರದ ನೀರಿನಿಂದಲೇ ಹುಟ್ಟಿತು ಎನ್ನಲಾಗದು. ಹಳೆಯ ಖಂಡದ ಕಲ್ಲಿನಲ್ಲೂ ನಯೋಬಿಯಂ ಕಡಿಮೆ. ಬುಗ್ಗೆಯ ಲಾವಾ ಮೇಲೇರುವಾಗ ಆ ಕಲ್ಲನ್ನು ಕರಗಿಸಿ ಸೇರಿಸಿಕೊಂಡರೆ ಅದರಲ್ಲೂ ಅದೇ ಕೊರತೆ ಕಾಣುತ್ತದೆ. ಅಷ್ಟು ಹಿಂದೆ ಭೂಮಿ ಈಗಿಗಿಂತ ಬಿಸಿಯಾಗಿತ್ತು, ಫಲಕಗಳು ಮೆತ್ತಗಿದ್ದವು, ಇಂದಿನ ಹಾಗೆ ಉದ್ದಕ್ಕೆ ಜಾರಿ ಇಳಿಯುತ್ತಲೇ ಇರಲಿಲ್ಲ ಎನ್ನುವವರೂ ಇದ್ದಾರೆ. ಇದಕ್ಕೆ ಎದುರಾಗಿ ಬಂದ ಬಲವಾದ ಸಾಕ್ಷಿ ರಾಯಚೂರಿಗೆ ಹತ್ತಿರದ ಗದ್ವಾಲದ್ದು. ಸಿ. ಮಾಣಿಕ್ಯಾಂಬ, ನಖ್ವಿ ಮತ್ತಿತರರು 2005ರಲ್ಲಿ ಅಲ್ಲಿನ ಪಟ್ಟಿಯಿಂದ ಬೋನಿನೈಟ್ ಎಂಬ ಲಾವಾವನ್ನು ವರದಿ ಮಾಡಿದರು. ಜಪಾನಿನ ಬೋನಿನ್ ದ್ವೀಪಗಳಿಂದ ಹೆಸರು ಪಡೆದ ಈ ಶಿಲೆ, ಇಂದಿನ ಭೂಮಿಯಲ್ಲಿ ಸಾಗರದ ತಳ ಜಾರಿ ಇಳಿಯುವ ಕಡೆಗಳ ಗುರುತು. ಹಿಂದೆಯೇ ಒಮ್ಮೆ ಕರಗಿ ಬಡವಾದ ಮ್ಯಾಂಟಲ್‌ಗೆ ಮತ್ತೆ ನೀರು ಸೇರಿ ಕರಗದೆ ಅದು ಹುಟ್ಟುವುದು ಕಷ್ಟ. ಅಂಥದ್ದು ಸುಮ್ಮನೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಡಿಕ್ಕಿಯ ವಾದಕ್ಕೆ ಇರುವ ತೂಕ ಇದರಿಂದಲೇ ಹೆಚ್ಚಾಗಿ ಬಂದದ್ದು.

ಎರಡು ಖಂಡಗಳು ಪೂರ್ತಿ ಕೂಡಿಕೊಂಡ ಮೇಲೆ ಜಾರಲು ಸಾಗರ ಉಳಿಯುವುದಿಲ್ಲ, ನೀರಿನ ಸರಬರಾಜು ನಿಲ್ಲುತ್ತದೆ. ಆದರೂ ಬೆಂಕಿ ಒಮ್ಮೆಲೇ ಆರುವುದಿಲ್ಲ. ಕೆಳಗೆ ನೇತುಬಿದ್ದ ಫಲಕ ತುಂಡಾಗಿ ಬಿದ್ದರೆ ಆ ಜಾಗಕ್ಕೆ ಬಿಸಿ ಮ್ಯಾಂಟಲ್ ನುಗ್ಗುತ್ತದೆ. ಟಿಬೆಟಿನಲ್ಲಿ ಡಿಕ್ಕಿಯ ನಂತರವೂ ಪೊಟ್ಯಾಸಿಯಂ ತುಂಬಿದ ಲಾವಾ ಉಕ್ಕಿದ್ದಕ್ಕೆ ಇಂಥ ಕಾರಣಗಳನ್ನೇ ಕೊಡುತ್ತಾರೆ. ರಾಮನಗರದಿಂದ ಹೊರಟು ಪಾವಗಡದ ಕಡೆಯಿಂದ ಹಂಪಿಯ ದಿಕ್ಕಿಗೆ ಸಾಗುವ ನಾನೂರು ಕಿಲೋಮೀಟರ್ ಉದ್ದದ ಕ್ಲೋಸ್‌ಪೇಟೆ ಗ್ರಾನೈಟಿಗೆ 252 ಕೋಟಿ ವರ್ಷ. ಡಿಕ್ಕಿಯ ಕತೆ ಸರಿಯಿದ್ದರೆ ಅದು ಹೊಲಿಗೆ ಬಿದ್ದ ಮೇಲೆ ಬಂದ ಬಿಸಿ. ತಿಪಟೂರು, ತುರುವೇಕೆರೆಯ ಲಾವಾಗಳು ಆ ಹೊತ್ತಿಗಾಗಲೇ ಮಡಿಚಿ, ಒತ್ತಿ, ಶಿಸ್ಟ್ ಆಗಿದ್ದವು.

ಕರ್ನಾಟಕದಲ್ಲಿ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ: ಲಾಲ್‌ಬಾಗಿನ ನೈಸ್ ಬಂಡೆ, ಉಡುಪಿಯ ಸೇಂಟ್ ಮೇರಿ ದ್ವೀಪದ ಕಂಬಶಿಲೆ, ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಗಣಿಯ ಬಳಿಯ ಜ್ವಾಲಾಮುಖಿ ಶಿಲೆ. ಬಾಣಸಂದ್ರ ಆ ಸ್ಮಾರಕಗಳ ಸಾಲಿನಲ್ಲಿಲ್ಲ, ಜಯಚಾಮರಾಜಪುರವೂ ಇಲ್ಲ. ಸ್ಪಿನಿಫೆಕ್ಸ್ ಉಳಿದಿರುವ ಬಂಡೆಗಳು ಜಗತ್ತಿನಲ್ಲೇ ಎಣಿಸಬಹುದಾದಷ್ಟು ಕಡೆ ಇವೆ. ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿಗಾಗಿ ನಡೆದ ಅಗೆತವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಬೇಕಾಗಿ ಬಂತು. ಜಲ್ಲಿ ಯಂತ್ರದ ಬಾಯಿಗೆ ಸಿಕ್ಕರೆ 335 ಕೋಟಿ ವರ್ಷದ ಕಲ್ಲೂ ಒಂದು ಲೋಡ್ ಜಲ್ಲಿಯೇ. ಹತ್ತು ಗುಂಟೆ ಜಾಗಕ್ಕೆ ಬೇಲಿ ಹಾಕಿ, ಕನ್ನಡದಲ್ಲಿ ಒಂದು ಫಲಕ ನೆಟ್ಟು, ಊರಿನ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಪಂಚಾಯಿತಿಯೇ ಸಾಕು. ಅದಕ್ಕೆ ದಿಲ್ಲಿಯ ಆದೇಶ ಕಾಯಬೇಕಿಲ್ಲ.

ಈ ಕತೆಯ ಕೊನೆಯ ಅಧ್ಯಾಯ ನಡೆದದ್ದು ತೆಂಗಿನ ಸೀಮೆಯ ತುಸು ಬಡಗಣಕ್ಕೆ. ಆಂಧ್ರದ ಪೇರೂರಿನಿಂದ ಚಿಕ್ಕಮಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ಉದ್ದಕ್ಕೆ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಂಪನದ ಅಲೆಗಳನ್ನು ನೆಲದೊಳಗೆ ಕಳಿಸಿ ಪ್ರತಿಧ್ವನಿ ದಾಖಲಿಸಿದರು. 2018ರಲ್ಲಿ ಮಂಡಲ್, ವಿಜಯರಾವ್ ಮತ್ತು ಸಂಗಡಿಗರು ಅದನ್ನು ಚಿತ್ರವಾಗಿ ಪ್ರಕಟಿಸಿದರು. ಚಿತ್ರದುರ್ಗ ಪಟ್ಟಿಯ ಅಂಚಿನ ಗಾಯದ ಗೆರೆ ಮೇಲ್ಮೈಯಲ್ಲಿ ನಿಲ್ಲದೆ ನೆಲದ ಚಿಪ್ಪನ್ನೇ ಸೀಳಿಕೊಂಡು ಆಳಕ್ಕೆ ಇಳಿದಿದೆ. ಅದರ ಎರಡು ಬದಿಯ ಪ್ರತಿಧ್ವನಿಯ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಇದು ಆರ್ಕೇಯನ್ ಕಾಲದ ಜಾರುವಿಕೆಯ ಗುರುತು ಎಂದು ಅವರು ಬರೆದರು. ಕಲ್ಲಿನ ಧಾತುಗಳಿಂದ, ವಯಸ್ಸಿನಿಂದ, ಆಳದ ಪ್ರತಿಧ್ವನಿಯಿಂದ ಹೀಗೆ ಮೂರು ದಾರಿಯಲ್ಲಿ ಬಂದವರು ಒಂದೇ ಗೆರೆಯ ಬಳಿ ಸೇರಿದ್ದಾರೆ. ಯಾವ ಬದಿಯ ನೆಲ ಯಾವುದರ ಅಡಿಗೆ ಹೋಯಿತು ಎಂಬುದರಲ್ಲಿ ಮಾತ್ರ ಅವರಲ್ಲಿ ಒಮ್ಮತವಿಲ್ಲ. ಅದನ್ನು ತೀರ್ಮಾನಿಸಲು ಪಟ್ಟಿಯ ದಕ್ಷಿಣ ಭಾಗದ ಲಾವಾಗಳಿಂದ, ಅಂದರೆ ಹುಳಿಯಾರಿನಿಂದ ತುರುವೇಕೆರೆಯವರೆಗಿನ ಕಲ್ಲುಗಳಿಂದ, ಚಿತ್ರದುರ್ಗದಲ್ಲಿ ತೆಗೆದಷ್ಟೇ ಒತ್ತಾಗಿ ಜಿರ್ಕಾನ್ ವಯಸ್ಸುಗಳನ್ನು ತೆಗೆಯಬೇಕು.